ಮಾದೇವಣ್ಣನ ಗಾಡಿಯ ಸದ್ದು

ಕುಮಟೆಗೆ ವರ್ಗವಾಗಿ ಬಂದ ಎರಡನೇ ವಾರ. ಬೆಳಿಗ್ಗೆ ಶಾಲೆಗೆ ಹೊರಟವಳು ದಾರಿಯಲ್ಲಿದ್ದ ಗ್ಯಾರೇಜಿನ ಎದುರು ನಿಂತುಬಿಟ್ಟೆ. ಒಳಗೆ ಯಾರೋ ಹಳೆಯ ಟ್ಯಾಕ್ಸಿಯೊಂದನ್ನು ಸ್ಟಾರ್ಟ್ ಮಾಡಿದ್ದರು. ರಾತ್ರಿಯಿಡೀ ತಣ್ಣಗೆ ನಿಂತಿದ್ದ ಎಂಜಿನ್ನು ಚಳ್ ಚಳ್ ಚಳ್ ಎಂದು ಐದಾರು ಕ್ಷಣ ಸದ್ದು ಮಾಡಿ ಆಮೇಲೆ ಸುಮ್ಮನಾಯಿತು. ಅದರ ಹಿಂದೆಯೇ ಸುಟ್ಟ ಎಣ್ಣೆಯ ವಾಸನೆ ಬಂತು. ನಾನು ಕೊಡೆ ಮಡಿಸಿ ಸೀದಾ ಒಳಗೆ ಹೋದೆ. ಕೈ ಒರೆಸಿಕೊಳ್ಳುತ್ತಿದ್ದ ಮೇಸ್ತ್ರಿಗೆ, “ಟೈಮಿಂಗ್ ಚೈನ್ ಸಡಿಲಾಗಿದೆ. ಎಣ್ಣೆ ಬದಲಿಸಿ ಎಷ್ಟು ದಿನವಾಯಿತು ಅಂತ ಗಾಡಿಯವರನ್ನು ಕೇಳಿ” ಎಂದೆ.

ಆತ ನನ್ನ ಸೀರೆ, ಊಟದ ಡಬ್ಬಿ, ಕೊಡೆ ಎಲ್ಲವನ್ನೂ ಒಮ್ಮೆ ನೋಡಿದ. “ಅಕ್ಕೋರೆ, ನಿಮ್ಗೆ ಇದೆಲ್ಲಾ ಎಂತಕ್ಕೆ?” ಎಂದು ನಕ್ಕ. ಆ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ.

ನಗಲಿ. ಹತ್ತು ವರ್ಷದ ಹಿಂದೆ ಒಬ್ಬನಿಗೆ ಹೇಳಬೇಕಾಗಿದ್ದ ಮಾತನ್ನು ನಾನು ಆ ದಿನ ಗುರುತಿಲ್ಲದ ಇನ್ನೊಬ್ಬನಿಗೆ ಹೇಳಿದ್ದೆ. ಶಾಲೆಯಲ್ಲಿ ಅವತ್ತು ಏನು ಪಾಠ ಮಾಡಿದೆನೋ ನೆನಪಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತಾರು. ಮಾರ್ಚಿನಲ್ಲಿ ಅಪ್ಪ ತೀರಿಕೊಂಡರು, ಜೂನಿನಲ್ಲಿ ನನಗೆ ಭಟ್ಕಳಕ್ಕೆ ವರ್ಗವಾಯಿತು. ಹುಬ್ಬಳ್ಳಿಯಲ್ಲಿ ಅಪ್ಪನದು ಸಣ್ಣ ಗ್ಯಾರೇಜು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳಾದ್ದರಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಬೆಳೆದದ್ದೆಲ್ಲ ಅಲ್ಲೇ, ಟೈರಿನ ಮೇಲೆ ಕೂತು ಮಗ್ಗಿ ಬರೆಯುತ್ತಾ. ಅಪ್ಪನಿಗೆ ಒಂದು ಆಟವಿತ್ತು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ನನ್ನ ಕಡೆ ತಿರುಗಿ, “ಏನ್ ಹೇಳ್ತದ ನೋಡು?” ಎಂದು ಕೇಳುವುದು. ತಣ್ಣಗಿರುವಾಗ ಮುಂಭಾಗದಲ್ಲಿ ಚಳಚಳ ಅಂದರೆ ಚೈನು. ಸೈಕಲ್ಲಿನ ಚೈನಿನಂಥದ್ದೇ ಒಂದು ಎಂಜಿನ್ನಿನ ಒಳಗೂ ಇರುತ್ತದೆ. ಅದು ಸರಿಯಾದ ಹೊತ್ತಿಗೆ ವಾಲ್ವುಗಳು ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುತ್ತದೆ. ಅದು ಬದುಕುವುದು ಎಣ್ಣೆಯ ಮೇಲೆ. ಎಣ್ಣೆ ಹಳತಾಗಿ ಕಪ್ಪಾಗಿ ಅದರಲ್ಲಿ ಕಬ್ಬಿಣದ ಸಣ್ಣ ಕಣ ಸೇರಿಕೊಂಡರೆ, ಅದೇ ಎಣ್ಣೆ ಚೈನಿನ ಕೊಂಡಿಗಳನ್ನು ತೇಯುತ್ತದೆ. ಚೈನು ಜೋಲಾಗಿ ಮುಚ್ಚಳಕ್ಕೆ ಬಡಿಯುತ್ತದೆ. ಮೊದಲು ಐದು ಕ್ಷಣ, ಆಮೇಲೆ ಐದು ನಿಮಿಷ, ಆಮೇಲೆ ದಾರಿಯುದ್ದಕ್ಕೂ.

ಅಪ್ಪ ಎಣ್ಣೆ ಬದಲಿಸಿದಾಗಲೆಲ್ಲ, ಮುಂದಿನ ಬದಲಿಯ ಹೊತ್ತು ತಪ್ಪದಿರಲೆಂದು, ಬಾನೆಟ್ಟಿನ ಒಳಮೈಗೆ ಸೀಮೆಸುಣ್ಣದಲ್ಲಿ ಅವತ್ತಿನ ಮೀಟರ್ ಲೆಕ್ಕ ಬರೆದು ಬಿಡುತ್ತಿದ್ದರು. ಅದಕ್ಕೆ ಬೇಕಾದ ತುಂಡುಗಳನ್ನು ಶಾಲೆಯಿಂದ ಹೆಕ್ಕಿ ತರುತ್ತಿದ್ದವಳು ನಾನು. ಅಪ್ಪ ಹೋದ ತಿಂಗಳೊಳಗೆ ಚಿಕ್ಕಪ್ಪ ಗ್ಯಾರೇಜು ಮಾರಿದರು. ನನ್ನ ಪಾಲಿಗೆ ಒಂದು ಟ್ರಂಕು ಮತ್ತು ವರ್ಗದ ಆರ್ಡರು ಉಳಿದವು.

ಭಟ್ಕಳದ ಪೇಟೆಯಲ್ಲಿ ಒಂಟಿ ಹೆಂಗಸಿಗೆ ಯಾರೂ ಕೋಣೆ ಕೊಡಲಿಲ್ಲ. ಶಾಲೆಯ ಜವಾನ ಹತ್ತಿರದ ಕಡಲ ದಂಡೆಯ ಹಳ್ಳಿ ಬೆಳಕೆಯಲ್ಲಿ ತನಗೆ ಗುರುತಿನ ಮನೆಯೊಂದನ್ನು ತೋರಿಸಿದ. ಜಟ್ಟಪ್ಪಣ್ಣನ ಮನೆ. ಮೀನುಗಾರರು, ಎಂಜಿನ್ ಹಾಕಿದ ಸ್ವಂತ ದೋಣಿ ಇದ್ದವರು. ಜಟ್ಟಪ್ಪಣ್ಣ, ಅವರ ಹೆಂಡತಿ ದೇವಮ್ಮ, ಜಟ್ಟಪ್ಪಣ್ಣನ ತಮ್ಮ ಮಾದೇವಣ್ಣ. ಮನೆಯಲ್ಲಿದ್ದವರು ಇಷ್ಟೇ. ಬದಿಯ ಕೋಣೆ ನನಗೆ. ಮಳೆ ಎಂದರೆ ನಾನು ಅಲ್ಲಿಯವರೆಗೆ ಕಂಡದ್ದು ಮಳೆಯೇ ಅಲ್ಲ. ಅಲ್ಲಿ ಬಟ್ಟೆ ಒಣಗಲಿಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯಿತು, ಸಮುದ್ರ ಹಗಲೂ ರಾತ್ರಿ ಮೊರೆಯಿತು. ನನ್ನ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ, ಅವರದು ನನಗೆ. ಶಾಲೆಯ ಮಕ್ಕಳು ನಾನು “ಹಾಂಗ ಮಾಡಬ್ಯಾಡ್ರಿ” ಎಂದರೆ ಬಿದ್ದು ಬಿದ್ದು ನಗುತ್ತಿದ್ದವು. ಮೀನು ತಿನ್ನದವಳಿಗೆ ದೇವಮ್ಮ ಪಾಪ ದಿನಾ ಹಲಸಿನ ಹಪ್ಪಳ ಸುಟ್ಟು ಕೊಟ್ಟರು. ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಮುರಿದು ತಿನ್ನುತ್ತಾ, ನನಗೆ ಅಂತ ಈ ಭೂಮಿಯ ಮೇಲೆ ಒಬ್ಬರೂ ಇಲ್ಲ ಎಂದು ಅಳುತ್ತಿದ್ದೆ. ಹೀಗೆ ಬರೆದರೆ ಈಗ ನಾಟಕದ ಹಾಗೆ ಕಾಣುತ್ತದೆ, ಆದರೆ ನಿಜಕ್ಕೂ ಅಳುತ್ತಿದ್ದೆ.

ಮೊದಲನೇ ಬೆಳಿಗ್ಗೆಯೇ ಅಂಗಳದಲ್ಲಿ ಆ ಸದ್ದು ಕೇಳಿತು. ಚಳ್ ಚಳ್ ಚಳ್. ನಿದ್ದೆಗಣ್ಣಿನಲ್ಲಿ ಎದ್ದು ಕೂತೆ. ಅಪ್ಪ ಶಟರ್ ಎತ್ತಿ ಮೊದಲ ಗಾಡಿ ಸ್ಟಾರ್ಟ್ ಮಾಡಿದರು ಎಂದೇ ಅನ್ನಿಸಿತು. ಕಿಟಕಿಯಿಂದ ನೋಡಿದರೆ ತೆಂಗಿನ ಮಡಲಿನ ಚಪ್ಪರದಡಿ ಹಳೆಯ ಅಂಬಾಸಿಡರ್, ಅದರ ಬಾಗಿಲಲ್ಲಿ ಮಾದೇವಣ್ಣ.

ಮಾದೇವಣ್ಣನಿಗೆ ಆಗ ನಲವತ್ತೈದಿರಬೇಕು, ಮದುವೆಯಾಗಿರಲಿಲ್ಲ. ಸಮುದ್ರದ ಮನೆಯಲ್ಲಿ ಹುಟ್ಟಿಯೂ ದೋಣಿ ಹತ್ತಿದರೆ ಅವನಿಗೆ ವಾಂತಿ. ದಡ ಕಣ್ಣಿಗೆ ಕಾಣುತ್ತಿರುವಾಗಲೇ ಶುರುವಾಗಿ, ಮರಳಿ ನೆಲ ಮುಟ್ಟುವ ತನಕ ನಿಲ್ಲುತ್ತಿರಲಿಲ್ಲವಂತೆ. ಊರಿನವರು ಕೀಟಲೆ ಮಾಡಿ ಮಾಡಿ ಅವನನ್ನು ಅರ್ಧ ಮಾಡಿದ್ದರು. ತಾಯಿಯಂತೆ ಸಾಕಿದ ಅತ್ತಿಗೆಯೇ ಕೊನೆಗೆ ಗಂಡನನ್ನು ಒಪ್ಪಿಸಿ ಬಾಡಿಗೆಗೆ ಓಡಿಸಲು ಈ ಗಾಡಿ ಕೊಡಿಸಿದ್ದು. ಕೊಡಿಸುವಾಗ ಜಟ್ಟಪ್ಪಣ್ಣ ಹೇಳಿದ ಮಾತನ್ನು ಮಾದೇವಣ್ಣ ನನಗೆ ವಾರಕ್ಕೊಮ್ಮೆಯಾದರೂ ಒಪ್ಪಿಸುತ್ತಿದ್ದ: “ಗಾಡಿ ಓಡುವಷ್ಟು ದಿವ್ಸ ಓಡ್ಸು. ನಿಂತ ದಿವ್ಸ ಸುಮ್ನೆ ದೋಣಿಗೆ ಬರ್ಬೇಕು, ಆತಾ?” ಹೇಳಿ ನಗುತ್ತಿದ್ದ. ನಗುವಾಗಲೂ ಅವನ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಬೆಳಕೆಯಿಂದ ಭಟ್ಕಳಕ್ಕೆ ದಿನಾ ಅವನ ಗಾಡಿಯಲ್ಲೇ ಹೋಗುತ್ತಿದ್ದೆ. ಹಿಂದೆ ಆರೇಳು ಜನ, ಮುಂದೆ ಅಕ್ಕೋರಿಗೆಂದು ಖಾಯಂ ಜಾಗ. ಆ ಊರಿನಲ್ಲಿ ನನ್ನೊಡನೆ ಮಾತಾಡಿದ ಮನುಷ್ಯ ಅವನೊಬ್ಬನೇ. ನನ್ನ ಭಾಷೆಯನ್ನು ಅಣಕಿಸುತ್ತಿದ್ದ, ತನ್ನದನ್ನು ಕಲಿಸುತ್ತಿದ್ದ. ಗ್ಯಾರೇಜಿನ ಮನೆಯ ಹುಡುಗಿ ಎಂದು ತಿಳಿದ ಮೇಲಂತೂ ಅವನಿಗೆ ನನ್ನ ಮೇಲೆ ವಿಶೇಷ ಗೌರವ.

ಅವನ ಎಣ್ಣೆಯ ಕಥೆ ನನಗೆ ಗೊತ್ತಾದದ್ದು ಹೀಗೆ ಮಾತಾಡುವಾಗಲೇ. ಒಂದು ದಿನ ಡಬ್ಬಿಯಿಂದ ಸ್ವಲ್ಪ ಎಣ್ಣೆ ಎಂಜಿನ್ನಿಗೆ ಸುರಿಯುತ್ತಿದ್ದ. ಹಳೆಯದನ್ನು ಇಳಿಸಿ ಬದಲಿಸುವುದು ಯಾವಾಗ ಎಂದು ಕೇಳಿದೆ.

“ನೂಲ ಹುಣ್ಣಿಮೆಗೆ. ಮತ್ತೆ ಯಾವಾಗ?”

ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಮುಚ್ಚಿಡುತ್ತಾರೆ. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಎಂಜಿನ್ನಿಗೆ ಹೊಸ ಎಣ್ಣೆ ಹಾಕಿ, ಹೂ ಏರಿಸಿ ಮತ್ತೆ ನೀರಿಗಿಳಿಸುತ್ತಾರೆ. ಜಟ್ಟಪ್ಪಣ್ಣ ಅದೇ ದಿನ ತಮ್ಮನ ಗಾಡಿಗೂ ತನ್ನ ಕೈಯಾರೆ ಎಣ್ಣೆ ಹಾಕುತ್ತಿದ್ದರು. ಮನೆಗೆ ಬಂದ ಎಂಜಿನ್ನುಗಳಲ್ಲಿ ನೀರಿನದು ನೆಲದ್ದು ಎಂಬ ಭೇದ ಅವರಿಗಿರಲಿಲ್ಲ. ಮಧ್ಯೆ ಕಡಿಮೆಯಾದಷ್ಟು ಮೇಲಿಂದ ತುಂಬಿಸುವುದು, ಅಷ್ಟೇ. ದೋಣಿಗಾದರೂ ಮಳೆಗಾಲದಲ್ಲಿ ವಿಶ್ರಾಂತಿ ಉಂಟು. ಗಾಡಿಗೆ ಮಳೆಗಾಲದಲ್ಲೇ ದುಡಿತ ಹೆಚ್ಚು.

“ವರ್ಷಕ್ಕೊಂದ್ಸಲ ಸಾಲಂಗಿಲ್ರಿ ಮಾದೇವಣ್ಣ” ಎಂದೆ.

“ದೇವ್ರ ದೀಪದ ಎಣ್ಣೆ ಚೆಲ್ಲಿ ಬೇರೆ ಹಾಕ್ತ್ರಾ ಅಕ್ಕೋರೆ? ಮೇಲಿಂದ ಹಾಕ್ತಾ ಇದ್ರೆ ಆತು” ಎಂದು ಬಾನೆಟ್ಟು ಮುಚ್ಚಿದ. ಹಿಂದೆ ಕೂತವರು ನಕ್ಕರು. ನಾನೂ ನಕ್ಕು ಸುಮ್ಮನಾದೆ. ನನ್ನ ಚೀಲದಲ್ಲಿ ಸೀಮೆಸುಣ್ಣ ಇತ್ತು, ಬಾನೆಟ್ಟು ಎರಡು ಮಾರು ದೂರದಲ್ಲಿತ್ತು. ಅಪ್ಪನ ಹಾಗೆ ಲೆಕ್ಕ ಬರೆದು ತೋರಿಸಲಿಲ್ಲ.

ಜೂನಿನಲ್ಲಿ ಐದು ಕ್ಷಣ ಇದ್ದ ಸದ್ದು ಜುಲೈ ಮಧ್ಯದ ಹೊತ್ತಿಗೆ ಹೆದ್ದಾರಿ ಮುಟ್ಟುವ ತನಕವೂ ಇರತೊಡಗಿತು. ಜುಲೈ ಕೊನೆಗೆ ಶಾಲೆಯ ಬಾಗಿಲಿನವರೆಗೂ. ದಿನಾ ಕೇಳುವ ಅವನಿಗೆ ಅದು ಬೆಳೆದದ್ದು ತಿಳಿಯಲಿಲ್ಲ. ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಯಾಕೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ, ಉತ್ತರ ನಾಚಿಕೆಗೇಡಿನದು. ಆ ಸದ್ದು ನನಗೆ ಬೇಕಿತ್ತು. ಬೆಳಿಗ್ಗೆ ಅದನ್ನು ಕೇಳಿಯೇ ನಾನು ಏಳುತ್ತಿದ್ದೆ. ಅದು ಕೇಳುವಷ್ಟು ಹೊತ್ತು ಅಪ್ಪ ಪಕ್ಕದಲ್ಲೇ ಎಲ್ಲೋ ಸ್ಪ್ಯಾನರು ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ಕೊನೆಗೆ ಅವನೇ ಕೇಳಿದ. ಅವತ್ತು ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. “ಅಕ್ಕೋರೆ, ನೀವು ಗ್ಯಾರೇಜಿನ ಮನೆಯವ್ರು. ಖರೆ ಹೇಳಿ. ಇದೆಂತ ಸದ್ದು? ಕುಮಟೆಗೆ ತಕಂಡ್ ಹೋಗಿ ಬಿಚ್ಚಿಸ್ಲಾ?”

ಕುಮಟೆಗೆ ಹೋದರೆ ಸಾಮಾನು ಹುಬ್ಬಳ್ಳಿಯಿಂದ ಬರಬೇಕು, ಹದಿನೈದು ದಿನವಾದರೂ ಗಾಡಿ ಅಲ್ಲೇ. ಹದಿನೈದು ದಿನ ಬೆಳಿಗ್ಗೆ ಆ ಸದ್ದಿಲ್ಲ, ಮುಂದಿನ ಸೀಟಿಲ್ಲ, ನನ್ನ ಹತ್ತಿರ ಮಾತಾಡುವ ಒಂದು ಜೀವವೂ ಇಲ್ಲ. ನನ್ನ ಬಾಯಿಂದ ತಾನಾಗಿಯೇ ಬಂತು:

“ಏನಾಗಂಗಿಲ್ಲ ಬಿಡ್ರಿ. ವಾಲ್ವಿನ ಮ್ಯಾಲಿನ ಟ್ಯಾಪೆಟ್ ಅದಾವಲ್ಲ, ಮಳಿಗೆ ಸಪ್ಪಳ ಮಾಡ್ತಾವು. ನೂಲ ಹುಣ್ಣಿವಿಗೆ ಎಣ್ಣಿ ಹಾಕಿಸ್ತೀರಲ್ಲ, ಸರಿ ಹೋಗ್ತದ.”

“ಆತು ಹಾಂಗಾದ್ರೆ” ಎಂದ. ಎಷ್ಟು ನಿರಾಳವಾದನೆಂದರೆ, ದಾರಿಯುದ್ದಕ್ಕೂ ಸಿಕ್ಕವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸಿದ.

ಹುಣ್ಣಿಮೆಗೆ ಹತ್ತು ದಿನವಿತ್ತು. ಹುಬ್ಬಳ್ಳಿ ಕಡೆಗೆ ಮರಳಿ ವರ್ಗ ಕೇಳುವ ಅರ್ಜಿಯನ್ನು ಕುಮಟೆಯ ಕಚೇರಿಗೆ ಖುದ್ದು ಕೊಡಬೇಕಾಗಿತ್ತು, ಅದಕ್ಕೆ ಅವತ್ತೇ ಕೊನೆಯ ದಿನ. ಮಾದೇವಣ್ಣನ ಗಾಡಿಯಲ್ಲೇ ಹೊರಟೆವು. ಮುರ್ಡೇಶ್ವರದ ಕ್ರಾಸ್ ದಾಟುವಾಗ ಚಳಚಳ ಹೋಗಿ ಕಟಕಟ ಆಗಿತ್ತು. ಈಗಲಾದರೂ ಹೇಳು ಎಂದು ಮನಸ್ಸು ಹೇಳಿತು. ಕುಮಟೆ ಮುಟ್ಟಿದ ಮೇಲೆ ಗ್ಯಾರೇಜಿಗೆ ಬಿಡೋಣ ಎಂದು ನಾನೇ ಅದಕ್ಕೆ ಸಮಾಧಾನ ಹೇಳಿದೆ. ಮಂಕಿ ದಾಟಿ ಒಂದು ಏರು. ಅರ್ಧ ಏರಿದ್ದೆವು. ಎಂಜಿನ್ನಿನೊಳಗೆ ಕಬ್ಬಿಣದ ಹಾರೆ ಬಿದ್ದ ಹಾಗೆ ಸದ್ದಾಯಿತು. ಅವನು ಗಾಬರಿಯಲ್ಲಿ ಇನ್ನಷ್ಟು ಆ್ಯಕ್ಸಲರೇಟರ್ ಒತ್ತಿದ. ಕರಕರ ಎಂದು ಏನೋ ತೇಯ್ದು, ಗಾಡಿ ನಡುಗಿ, ನಿಂತೇ ಹೋಯಿತು.

ಆಮೇಲೆ ಮಳೆಯ ಸದ್ದು ಮಾತ್ರ.

ಇಳಿದು ನೋಡಿದೆವು. ಚೈನು ತುಂಡಾಗಿ ಮುಂದಿನ ಮುಚ್ಚಳವನ್ನು ಸೀಳಿತ್ತು. ಎಣ್ಣೆಯೆಲ್ಲ ರಸ್ತೆಗೆ ಬಂದು ಮಳೆನೀರಿನ ಜೊತೆ ಇಳಿಜಾರಿನಲ್ಲಿ ಕಪ್ಪಗೆ ಹರಿಯುತ್ತಿತ್ತು. ಎಂಜಿನ್ ಪೂರಾ ಜಾಮ್. ಮಾದೇವಣ್ಣ ಕುಕ್ಕರುಗಾಲಲ್ಲಿ ಕೂತು ಆ ಎಣ್ಣೆಯನ್ನು ಬೆರಳಿಗೆ ತೆಗೆದು ತಿಕ್ಕಿ ನೋಡಿದ. ಮರಳು ತಿಕ್ಕಿದ ಹಾಗೆ ಕರಕರ ಎಂದಿರಬೇಕು. ಬಹಳ ಹೊತ್ತು ತಿಕ್ಕುತ್ತಲೇ ಇದ್ದ.

“ಇದು ಎಣ್ಣೆ ಅಲ್ಲ ಅಕ್ಕೋರೆ, ಕೆಸರು” ಎಂದ. “ದೋಣಿಯಿಂದ ಇಳಿಸಿದ ಹಳೇ ಎಣ್ಣೆನೇ ಅಣ್ಣ ನಂಗೆ ಹಾಕಿದ್ದ. ಬೇಕಂತ್ಲೇ ಹಾಕಿದ್ದ. ಗಾಡಿ ನಿಲ್ಬೇಕಿತ್ತು ಅವಂಗೆ. ನಾ ದೋಣಿ ಹತ್ಬೇಕಿತ್ತು.”

ಅಲ್ಲ ಮಾದೇವಣ್ಣ, ಎಷ್ಟು ಒಳ್ಳೆಯ ಎಣ್ಣೆಯಾದರೂ ವರ್ಷ ಓಡಿಸಿದರೆ ಹೀಗೇ ಆಗುತ್ತದೆ. ನನಗೆ ಗೊತ್ತಿತ್ತು, ನೀವು ಕೇಳಿದಾಗ ನಾನೇ ಸುಳ್ಳು ಹೇಳಿದೆ. ಹೇಳಬೇಕಾಗಿದ್ದದ್ದು ಇಷ್ಟೇ ಮಾತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಕೆಳಗಿನಿಂದ ಬಸ್ಸು ಬಂತು. ಅವನೇ ಎದ್ದು ಕೈ ಅಡ್ಡ ಹಿಡಿದು ನಿಲ್ಲಿಸಿದ. “ನೀವು ಹೋಗಿ ಅಕ್ಕೋರೆ, ಅರ್ಜಿ ಇವತ್ತೇ ಕೊಡ್ಬೇಕಲಾ” ಎಂದ. ಹತ್ತಿದೆ. ಹಿಂದಿನ ಗಾಜಿನಲ್ಲಿ ನೋಡಿದರೆ ಅವನು ತೆರೆದ ಬಾನೆಟ್ಟಿನ ಅಡಿಯಲ್ಲಿ ತಲೆ ಇಟ್ಟುಕೊಂಡು ನಿಂತಿದ್ದ, ಬೆನ್ನೆಲ್ಲ ನೆನೆಯುತ್ತಿತ್ತು.

ಅವತ್ತು ಸಂಜೆ ಅಂಗಳದಲ್ಲಿ ಅಣ್ಣತಮ್ಮಂದಿರ ನಡುವೆ ಏನು ಮಾತಾಯಿತೋ ನಾನು ಬರುವಷ್ಟರಲ್ಲಿ ಮುಗಿದಿತ್ತು. ಮಾದೇವಣ್ಣ ಬಟ್ಟೆ ಗಂಟು ಕಟ್ಟಿಕೊಂಡು ಹೋಗಿದ್ದ. ಎಲ್ಲಿಗೆಂದು ಹೇಳಿರಲಿಲ್ಲ. ಬೇರೆ ಎಂಜಿನ್ ಹಾಕಿಸುವ ಶಕ್ತಿ ಇದ್ದದ್ದು ಅಣ್ಣನಿಗೆ, ಆ ಅಣ್ಣನ ಮುಖ ನೋಡುವುದಿಲ್ಲ ಎಂದು ಅವನು ಕಾರಣವನ್ನೂ ಹೇಳದೆ ಆಣೆ ಹಾಕಿದ್ದನಂತೆ. ದೇವಮ್ಮ ರಾತ್ರಿ ಅವನ ಬಟ್ಟಲಿಗೂ ಅನ್ನ ಬಡಿಸಿ ಮುಚ್ಚಿಟ್ಟರು. ಮರುದಿನವೂ ಇಟ್ಟರು. ಅದೇ ಅಡುಗೆಮನೆಯಲ್ಲಿ ಕೂತು ನಾನು ಹಪ್ಪಳ ತಿಂದೆ. ಬೆಳಿಗ್ಗೆ ಅಂಗಳದಲ್ಲಿ ಸದ್ದಿರಲಿಲ್ಲ. ಯಾವ ಮೌನಕ್ಕೆ ಹೆದರಿ ಸುಳ್ಳು ಹೇಳಿದ್ದೆನೋ ಅದನ್ನೇ ಕೇಳುತ್ತಾ ಹೆದ್ದಾರಿಯವರೆಗೆ ನಡೆದು ಬಸ್ಸು ಹಿಡಿಯತೊಡಗಿದೆ.

ನೂಲ ಹುಣ್ಣಿಮೆಯ ದಿನ ದೇವಮ್ಮನ ಜೊತೆ ಕಡಲ ದಂಡೆಗೆ ಹೋದೆ. ದೋಣಿಗೆ ಹೂ ಏರಿಸಿದ್ದರು, ಎಲ್ಲರೂ ತೆಂಗಿನಕಾಯಿ ಹಿಡಿದು ನಿಂತಿದ್ದರು. ಜಟ್ಟಪ್ಪಣ್ಣನ ಕಾಲ ಬುಡದಲ್ಲಿ ಎರಡು ಎಣ್ಣೆ ಡಬ್ಬಿಗಳು, ಎರಡೂ ಒಂದೇ ತರಹದವು, ಎರಡೂ ಹೊಸವು. ಪ್ರತಿ ವರ್ಷ ಹೀಗೇ ಎರಡು ತರುತ್ತಾರೆ ಎಂದು ದೇವಮ್ಮ ಹೇಳಿದರು. ಒಂದನ್ನು ಒಡೆದು ದೋಣಿಗೆ ಹಾಕಿದರು. ಇನ್ನೊಂದನ್ನು ಕೈಯಲ್ಲಿ ಹಿಡಿದು ದಾರಿಯ ಕಡೆ ನೋಡುತ್ತಾ ನಿಂತರು. ಮಾತು ಕಡಿಮೆಯ, ಗಡಸು ಮನುಷ್ಯ ಅವರು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

“ಅಕ್ಕೋರೆ, ಅವತ್ತು ಗಾಡೀಲಿ ನೀವೂ ಇದ್ರಿ ಅಲಾ. ಇಂವ ನಿಮ್ಹತ್ರ ಎಂತಾರೂ ಹೇಳಿದ್ನಾ? ನಾ ಎಂತ ತಪ್ಪು ಮಾಡಿದೆ ಹೇಳಿ?”

“ಇಲ್ರಿ” ಎಂದೆ. “ನನಗೇನೂ ಗೊತ್ತಿಲ್ಲ.”

ಮೊದಲನೆಯ ಸುಳ್ಳನ್ನು ಒಂಟಿತನದ ಮೇಲೆ ಹಾಕಬಹುದು. ಇದನ್ನು ಯಾವುದರ ಮೇಲೆ ಹಾಕಲಿ? ಹೇಡಿತನ, ಇನ್ನೇನು. ಅವರು ಆ ಡಬ್ಬಿಯನ್ನು ಒಡೆಯದೆ ಹಾಗೇ ಮನೆಗೆ ತಂದು ಚಪ್ಪರದಡಿ, ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟರು. ದಸರೆಯ ರಜೆಗೆ ಮೊದಲೇ ನನ್ನ ವರ್ಗದ ಆರ್ಡರು ಬಂತು. ಟ್ರಂಕು ಎತ್ತಿಸಿಕೊಂಡು ಹೊರಡುವಾಗಲೂ ಡಬ್ಬಿ ಅಲ್ಲೇ ಇತ್ತು.

ಮುಂದಿನ ಹತ್ತು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿದೆ. ಪತ್ರ ಬರೆಯಲು ಎಷ್ಟೋ ಸಲ ಕೂತೆ. ‘ಪೂಜ್ಯ ಜಟ್ಟಪ್ಪಣ್ಣನವರಿಗೆ’ ಎಂಬಲ್ಲಿಂದ ಮುಂದೆ ಪೆನ್ನು ಹೋಗಲಿಲ್ಲ. ಈಗ ಕುಮಟೆಯ ಆ ಗ್ಯಾರೇಜಿನ ಎದುರು ನಿಂತ ದಿನವೇ, ಹೋಗಿ ನಿಜ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಭಟ್ಕಳದ ಹಳೆಯ ಜವಾನನನ್ನು ವಿಚಾರಿಸಿದಾಗ ಇಷ್ಟು ತಿಳಿಯಿತು. ಜಟ್ಟಪ್ಪಣ್ಣ ಬೆಳಕೆಯಲ್ಲೇ ಇದ್ದಾರೆ, ಕಣ್ಣು ಮಂದವಾಗಿದೆ. ಮಾದೇವಣ್ಣ ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿ ಬೇರೆಯವರ ದೋಣಿಗೆ ಡ್ರೈವರ್. ಭಾನುವಾರ ಬಸ್ಸು ಹತ್ತಿದೆ.

ಬಂದರಿನಲ್ಲಿ ದೋಣಿಯೊಂದರ ಎಂಜಿನ್ನಿನ ಹಲಗೆ ತೆಗೆದು, ಕಪ್ಪು ಎಣ್ಣೆಯನ್ನು ಡಬ್ಬಕ್ಕೆ ಇಳಿಸುತ್ತಾ ಕೂತಿದ್ದ. ಕೂದಲು ಪೂರಾ ಬೆಳ್ಳಗಾಗಿ ಮೈ ಒಣಗಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅದೇ ಹಳೆಯ ನಗು.

“ಅಯ್ಯೋ, ಹುಬ್ಬಳ್ಳಿ ಅಕ್ಕೋರು! ಬನ್ನಿ ಬನ್ನಿ. ಎಂತ, ಆರಾಮ ಇದ್ರಾ?”

“ವಾಂತಿ ನಿಂತಿತಾ ಮಾದೇವಣ್ಣ?”

“ಎಲ್ಲಿ ನಿಲ್ತದೆ? ಹತ್ತು ವರ್ಷ ಆತು. ಇವತ್ತಿಗೂ ಹೊಳೆಬಾಯಿ ದಾಟಿದ ಕೂಡ್ಲೆ ಬತ್ತದೆ. ಒಂದು ಕೈ ಸ್ಟೇರಿಂಗು, ಒಂದು ಕೈ ಬಾಲ್ದಿ.” ಡಬ್ಬದಲ್ಲಿದ್ದ ಎಣ್ಣೆ ತೋರಿಸಿದ. “ಇದು ನೋಡಿ, ನಾ ಪದೇ ಪದೇ ಬದಲಿಸ್ತೆ. ಅಣ್ಣನ ಹಾಂಗೆ ಹಳೇದು ಹಾಕಿ ಕೂರೂದಿಲ್ಲ.”

ನಿಂತಲ್ಲಿಯೇ ಹೇಳಿದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಸದ್ದು ಚೈನಿನದೆಂದು ಮೊದಲನೇ ದಿನದಿಂದ ಗೊತ್ತಿತ್ತು, ನೀವು ಕೇಳಿದಾಗ ಬೇಕೆಂದೇ ಟ್ಯಾಪೆಟ್ ಅಂದೆ, ನನಗೆ ಜೊತೆಗೆ ಆ ಸದ್ದು ಬೇಕಿತ್ತು. ಅಣ್ಣ ಹಾಕಿದ್ದು ಹೊಸ ಎಣ್ಣೆ. ಪ್ರತಿ ವರ್ಷ ಎರಡು ಹೊಸ ಡಬ್ಬಿ ತರುತ್ತಿದ್ದರು, ಆ ವರ್ಷವೂ ತಂದಿದ್ದರು, ನಿಮ್ಮ ದಾರಿ ನೋಡುತ್ತಾ ಅದನ್ನು ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡೆ. ವರ್ಷವಿಡೀ ಓಡಿದ್ದಕ್ಕೆ ಅದು ಕೆಸರಾಯಿತು, ಬೇರೇನಿಲ್ಲ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಡಬ್ಬದ ಎಣ್ಣೆಯಲ್ಲಿ ಬೆರಳದ್ದಿ ತಿಕ್ಕಿ ನೋಡಿದ.

“ಅತ್ತಿಗೆ ಸತ್ತಾಗ ಅಣ್ಣ ಜನ ಕಳಿಸಿದ್ದ” ಎಂದ. “ನಾ ಹೋಗ್ಲಿಲ್ಲ.”

ದೇವಮ್ಮ ಹೋದದ್ದು ನನಗೆ ಗೊತ್ತಿರಲಿಲ್ಲ. ಜವಾನ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮುಚ್ಚಿಟ್ಟ ಆ ಅನ್ನದ ಬಟ್ಟಲು ಕಣ್ಣಿಗೆ ಬಂತು.

ಅವನು ಎದ್ದ. ಹಲಗೆ ಮುಚ್ಚಲಿಲ್ಲ, ಕೈ ತೊಳೆಯಲಿಲ್ಲ. “ಭಟ್ಕಳದ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದ, ನನ್ನನ್ನಲ್ಲ, ಪಕ್ಕದ ದೋಣಿಯವರನ್ನು. ಹೆದ್ದಾರಿಯ ಕಡೆ ನಡೆದ. ನಾನು ಹತ್ತು ಹೆಜ್ಜೆ ಹಿಂದೆ ಹಿಂಬಾಲಿಸಿದೆ. ಬಸ್ಸು ಬರುವ ತನಕ ಇಬ್ಬರೂ ಒಂದೇ ಮರದ ಕೆಳಗೆ ನಿಂತೆವು. ಬಸ್ಸು ಬಂದಾಗ ಅವನು ಎಣ್ಣೆಗೈಯಲ್ಲೇ ಸರಳು ಹಿಡಿದು ಹತ್ತಿದ. ಮುಂದಿನ ಸೀಟು ಖಾಲಿಯಿತ್ತು. ಅಲ್ಲಿ ಕೂತು ರಸ್ತೆಯನ್ನೇ ನೋಡುತ್ತಾ ಹೋದ.

ಕುಮಟೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಾನು ಅಲ್ಲೇ ನಿಂತಿದ್ದೆ.